ಅಂಚು ಕತ್ತರಿಸಲು ಹೋಗಿ ಅಜ್ಜನ ಕೈಬರಹ ಕಳೆದುಕೊಂಡೆ

ಸ್ಕ್ಯಾನ್ ಮಾಡಿದ ಚಿತ್ರಗಳ ಸುತ್ತಲಿನ ಖಾಲಿ ಅಂಚನ್ನು ಒಂದೇ ಕಮಾಂಡಿನಲ್ಲಿ ತೆಗೆದುಬಿಡೋಣ ಎಂದು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶದ ಮುಂದೆ ಕುಳಿತಿರುವವರು ದಯವಿಟ್ಟು ಮೊದಲು ಆ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಆಮೇಲೆ ಇದನ್ನು ಓದಿ. ನಾನು ನಕಲು ಮಾಡಿಕೊಳ್ಳಲಿಲ್ಲ. 438 ಫೈಲುಗಳ ಮೇಲೆ ಒಂದು ಸಾಲಿನ ಕಮಾಂಡ್ ಓಡಿಸಿದೆ. ಅದು ಮುಗಿಯಲು ಕೆಲವೇ ನಿಮಿಷ ಹಿಡಿಯಿತು. ಹೋದದ್ದು ಏನೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಚಿಕ್ಕಮ್ಮನ ಬಳಿ ಅಜ್ಜನ ಕಾಲದ ಆಲ್ಬಮ್ ಒಂದಿತ್ತು. 219 ಕಪ್ಪುಬಿಳುಪು ಚಿತ್ರಗಳು. ಒಂದು ವಾರದ ಮಟ್ಟಿಗೆ ಅದನ್ನು ತಂದು, ಪ್ರತಿ ಚಿತ್ರದ ಮುಂಬದಿ ಮತ್ತು ಹಿಂಬದಿ ಎರಡನ್ನೂ ಅಂಗುಲಕ್ಕೆ 600 ಚುಕ್ಕಿಗಳ ಸಾಂದ್ರತೆಯಲ್ಲಿ ಟಿಫ್ ಫೈಲುಗಳಾಗಿ ಸ್ಕ್ಯಾನ್ ಮಾಡಿದೆ. ಹಿಂಬದಿ ಏಕೆಂದರೆ ಅಜ್ಜ ಅಲ್ಲಿ ಪೆನ್ಸಿಲಿನಲ್ಲಿ ಹೆಸರುಗಳನ್ನು ಬರೆದಿಡುತ್ತಿದ್ದರು. ಕೆಲವು ಚಿತ್ರಗಳಲ್ಲಿ ಮುಂಬದಿಯ ಬಿಳಿ ಚೌಕಟ್ಟಿನ ಕೆಳಗೂ ಇಸವಿ ಇರುತ್ತಿತ್ತು. ಆಲ್ಬಮನ್ನು ಜೋಪಾನವಾಗಿ ಹಿಂದಿರುಗಿಸಿದೆ. ನಂತರ ಚಿಕ್ಕಮ್ಮ ಮನೆ ಬದಲಾಯಿಸುವಾಗ ಅದಿದ್ದ ಪೆಟ್ಟಿಗೆಯೇ ಕಾಣೆಯಾಯಿತು. ಹಾಗಾಗಿ ನನ್ನ ಕಂಪ್ಯೂಟರಿನಲ್ಲಿದ್ದ ಸ್ಕ್ಯಾನುಗಳೇ ಮೂಲವಾದವು. ಇದು ಗೊತ್ತಿದ್ದೂ ಅವುಗಳ ಮೇಲೆಯೇ ಕೈ ಇಟ್ಟೆ.

ಸ್ಕ್ಯಾನರಿನ ಗಾಜು ದೊಡ್ಡದು, ಚಿತ್ರಗಳು ಅಂಗೈಯಗಲ. ಪ್ರತಿ ಫೈಲಿನಲ್ಲೂ ಮುಚ್ಚಳದ ಬಿಳಿ ಹಿನ್ನೆಲೆಯೇ ಮುಕ್ಕಾಲು ಪಾಲು ತುಂಬಿತ್ತು. ಅದನ್ನು ತೆಗೆಯಲು ಟ್ರಿಮ್ ಎಂಬ ಸೌಲಭ್ಯವಿದೆ. ಅದರ ಕೆಲಸ ಸರಳ: ಚಿತ್ರದ ಮೂಲೆಗಳಲ್ಲಿರುವ ಪಿಕ್ಸೆಲ್‌ಗಳ ಬಣ್ಣ ನೋಡುತ್ತದೆ, ಅದೇ ಬಣ್ಣದ ಸಾಲುಗಳನ್ನು ನಾಲ್ಕೂ ಕಡೆಯಿಂದ ಸುಲಿಯುತ್ತಾ ಬರುತ್ತದೆ, ಬೇರೆ ಬಣ್ಣದ ಪಿಕ್ಸೆಲ್ ಎದುರಾದ ಕಡೆ ನಿಲ್ಲುತ್ತದೆ. ಅಂಚು ಯಾವುದು, ಚಿತ್ರ ಯಾವುದು ಎಂಬ ತಿಳಿವಳಿಕೆ ಅದಕ್ಕಿಲ್ಲ. ಮೂಲೆಯ ಬಣ್ಣವೇ ಅದರ ಪಾಲಿಗೆ ಅಂಚು.

ಮೊದಲ ಪ್ರಯತ್ನದಲ್ಲಿ ಏನೂ ಕತ್ತರಿಸಲಿಲ್ಲ. ಸ್ಕ್ಯಾನರಿನ ಬಿಳುಪು ಕಣ್ಣಿಗೆ ಒಂದೇ ಸಮ ಕಂಡರೂ ಲೆಕ್ಕದಲ್ಲಿ ಒಂದು ಪಿಕ್ಸೆಲ್ 252, ಪಕ್ಕದ್ದು 250, ಅದರಾಚೆಯದು 253. ಇಂಥ ಸಣ್ಣ ವ್ಯತ್ಯಾಸಗಳನ್ನು ಕಡೆಗಣಿಸಲು ಟ್ರಿಮ್‌ಗಿಂತ ಮುಂಚೆ ಫಜ್ ಎಂಬ ಸಡಿಲಿಕೆಯ ಪ್ರಮಾಣ ಕೊಡಬೇಕು. 5% ಕೊಟ್ಟೆ. ಎಲ್ಲೋ ಮೂಲೆಯ ಬಳಿ ಕುಳಿತ ಒಂದು ಧೂಳಿನ ಕಣ ಕತ್ತರಿಯನ್ನು ತಡೆದು ನಿಲ್ಲಿಸಿತು. 10% ಕೊಟ್ಟೆ, ಅರ್ಧ ಸರಿಹೋಯಿತು. 20% ಕೊಟ್ಟಾಗ ನಾನು ಪರೀಕ್ಷೆಗೆ ಆರಿಸಿಕೊಂಡಿದ್ದ ಮೂರು ಚಿತ್ರಗಳೂ ಅಚ್ಚುಕಟ್ಟಾಗಿ ಹೊರಬಂದವು. ಆ ಮೂರೂ ಮುಂಬದಿಯ ಚಿತ್ರಗಳು, ಮೂರರಲ್ಲೂ ಬರಹವಿರಲಿಲ್ಲ. ಅಷ್ಟು ನೋಡಿಯೇ ಇಡೀ ಫೋಲ್ಡರಿಗೆ ಅದನ್ನು ಅನ್ವಯಿಸಿದೆ.

20% ಎಂದರೆ ಎಷ್ಟು ಎಂದು ಆಗ ಕುಳಿತು ಲೆಕ್ಕ ಹಾಕಿದ್ದರೆ ಸಾಕಿತ್ತು. ಕಪ್ಪಿನಿಂದ ಬಿಳುಪಿಗೆ 0ಯಿಂದ 255ರವರೆಗಿನ ಮೆಟ್ಟಿಲುಗಳಿವೆ ಎಂದುಕೊಂಡರೆ, 20% ಎಂದರೆ ಸುಮಾರು 51 ಮೆಟ್ಟಿಲು. ಮೂಲೆ 252 ಇದ್ದರೆ 201ರವರೆಗಿನ ಬೂದು ಬಣ್ಣವೆಲ್ಲವೂ ಬಿಳುಪೇ. ಹಲವು ದಶಕಗಳ ಹಿಂದೆ ಹಗುರವಾಗಿ ಬರೆದು, ಆಲ್ಬಮಿನ ಪುಟಕ್ಕೆ ಉಜ್ಜಿ ಉಜ್ಜಿ ಮಾಸಿದ ಪೆನ್ಸಿಲ್ ಗೆರೆ ಆ ಮಿತಿಯೊಳಗೇ ಬರುತ್ತದೆ. ಹಳದಿಗಟ್ಟಿದ ಕಾಗದವೂ ಬರುತ್ತದೆ. ಅಂದರೆ ಟ್ರಿಮ್‌ನ ದೃಷ್ಟಿಯಲ್ಲಿ ಸ್ಕ್ಯಾನರಿನ ಮುಚ್ಚಳ, ಚಿತ್ರದ ಬಿಳಿ ಚೌಕಟ್ಟು, ಅದರ ಮೇಲಿನ ಅಜ್ಜನ ಅಕ್ಷರ ಮೂರೂ ಒಂದೇ ಹಿನ್ನೆಲೆ.

ಇಷ್ಟೇ ಆಗಿದ್ದರೆ ಇನ್ನೊಮ್ಮೆ ಕಡಿಮೆ ಪ್ರಮಾಣ ಕೊಟ್ಟು ಓಡಿಸಿದರೆ ಮುಗಿಯುತ್ತಿತ್ತು. ಆದರೆ ನಾನು ಬಳಸಿದ್ದು ಇಮೇಜ್‌ಮ್ಯಾಜಿಕ್‌ನದೇ ಇನ್ನೊಂದು ಕಮಾಂಡಾದ ಮಾಗ್ರಿಫೈ. ಇಮೇಜ್‌ಮ್ಯಾಜಿಕ್‌ನ ಮುಖ್ಯ ಕಮಾಂಡಿಗೆ ಒಳಗೆ ಹೋಗುವ ಫೈಲಿನ ಹೆಸರನ್ನೂ ಹೊರಗೆ ಬರುವ ಫೈಲಿನ ಹೆಸರನ್ನೂ ನಾವೇ ಕೊಡಬೇಕು. ಬೇರೆ ಹೆಸರು ಕೊಟ್ಟರೆ ಮೂಲ ಹಾಗೇ ಉಳಿಯುತ್ತದೆ. ಮಾಗ್ರಿಫೈ ಹಾಗಲ್ಲ. ನೂರಾರು ಫೈಲುಗಳನ್ನು ಒಟ್ಟಿಗೆ ಬದಲಿಸಲೆಂದೇ ಇರುವ ಅದು, ಬೇರೆ ಸೂಚನೆ ಇಲ್ಲದಿದ್ದರೆ ಫಲಿತಾಂಶವನ್ನು ಮೂಲ ಫೈಲಿನ ಮೇಲೆಯೇ ಬರೆಯುತ್ತದೆ. ಬರೆಯಲೇ ಎಂದು ಕೇಳುವುದಿಲ್ಲ, ರದ್ದು ಮಾಡಲು ದಾರಿಯಿಲ್ಲ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಕೈಪಿಡಿ ತೆರೆದದ್ದು ಎಲ್ಲ ಮುಗಿದ ಮೇಲೆ.

ಓಡುವಾಗ ಟರ್ಮಿನಲ್ಲಿನಲ್ಲಿ ಕೆಲವು ಎಚ್ಚರಿಕೆಯ ಸಾಲುಗಳು ಹರಿದುಹೋದವು. ಕೊಟ್ಟ ಅಳತೆಯೊಳಗೆ ಚಿತ್ರವೇ ಇಲ್ಲ ಎಂಬ ಅರ್ಥದ ಮಾತುಗಳು. ಏನೋ ಸಣ್ಣ ತಕರಾರು ಇರಬಹುದೆಂದು ಬಿಟ್ಟೆ. ನಂತರ ಮುಂಬದಿಯ ಹತ್ತಾರು ಚಿತ್ರಗಳನ್ನು ತೆರೆದು ನೋಡಿ, ಎಲ್ಲವೂ ಚೆನ್ನಾಗಿದೆ ಎಂದು ಸಮಾಧಾನಪಟ್ಟು ಕಂಪ್ಯೂಟರ್ ಮುಚ್ಚಿದೆ.

ಎರಡು ತಿಂಗಳ ನಂತರ ಚಿಕ್ಕಮ್ಮ ಫೋನ್ ಮಾಡಿದರು. "ದೊಡ್ಡಪ್ಪನ ಮದುವೆಯ ಚಿತ್ರದ ಹಿಂದೆ ಅಪ್ಪ ಎಲ್ಲರ ಹೆಸರು ಬರೆದಿದ್ದರಲ್ಲ, ಸ್ವಲ್ಪ ಓದಿ ಹೇಳುತ್ತೀಯಾ? ಎರಡನೆಯ ಸಾಲಿನಲ್ಲಿ ನಿಂತಿರುವವರು ಯಾರೆಂದು ನೆನಪಾಗುತ್ತಿಲ್ಲ" ಎಂದರು. "ಒಂದು ನಿಮಿಷ ಇರಿ ಚಿಕ್ಕಮ್ಮ" ಎಂದು ಫೈಲ್ ತೆರೆದೆ. ಪರದೆಯ ಮೇಲೆ ಏನೂ ಕಾಣಲಿಲ್ಲ. ಅಳತೆ ನೋಡಿದೆ: ಅಗಲ 1, ಎತ್ತರ 1. ಇಡೀ ಪುಟವೇ ಹಿನ್ನೆಲೆ ಎಂದು ತೀರ್ಮಾನವಾದಾಗ ಟ್ರಿಮ್ ಉಳಿಸುವುದು ಒಂದೇ ಒಂದು ಪಿಕ್ಸೆಲ್. ಹರಿದುಹೋದ ಆ ಎಚ್ಚರಿಕೆಗಳು ಹೇಳಿದ್ದು ಇದನ್ನೇ.

ಆ ರಾತ್ರಿ ಎಲ್ಲವನ್ನೂ ತೆರೆದು ನೋಡಿದೆ. 83 ಹಿಂಬದಿಗಳು ಒಂದೊಂದು ಪಿಕ್ಸೆಲ್ ಆಗಿದ್ದವು. ಇನ್ನು ಕೆಲವು ಅದಕ್ಕಿಂತ ಸಂಕಟ ಕೊಟ್ಟವು: ಅಜ್ಜ ಎಲ್ಲಿ ಪೆನ್ಸಿಲನ್ನು ಒತ್ತಿ ಬರೆದಿದ್ದರೋ ಅಷ್ಟು ಗೆರೆಗಳ ಸುತ್ತ ಚೌಕ ಹಾಕಿ ಉಳಿದದ್ದನ್ನು ಕತ್ತರಿಸಿತ್ತು. ಒಂದರಲ್ಲಿ ಒಂದು ದೀರ್ಘ, ಒಂದು ಒತ್ತಕ್ಷರ ಮಾತ್ರ ಇದ್ದವು, ಹೆಸರು ಇರಲಿಲ್ಲ. ಶಾಯಿಯಲ್ಲಿ ಬರೆದವು ಮಾತ್ರ ಪೂರ್ತಿ ಉಳಿದಿದ್ದವು. ಮುಂಬದಿಯಲ್ಲೂ ಚೌಕಟ್ಟಿನ ಪೆನ್ಸಿಲ್ ಇಸವಿಗಳು ಹೋಗಿದ್ದವು. ಬಿಸಿಲಿನಲ್ಲಿ ತೆಗೆದ 11 ಚಿತ್ರಗಳಲ್ಲಿ ಬೆಳ್ಳಗೆ ಸುಟ್ಟಂತಿದ್ದ ಆಕಾಶವೂ ಹೋಗಿ, ನಿಂತವರ ತಲೆಗೂದಲಿಗೆ ಸರಿಯಾಗಿ ಚಿತ್ರ ಮುಗಿಯುತ್ತಿತ್ತು. ಮೊದಲ ದಿನ ನೋಡಿದಾಗ ಅವು ನನಗೆ ಅಚ್ಚುಕಟ್ಟಾಗಿಯೇ ಕಂಡಿದ್ದವು ಎಂಬುದು ಈಗಲೂ ನೋಯಿಸುತ್ತದೆ.

ಬ್ಯಾಕಪ್ ಇರಲಿಲ್ಲವೇ ಎಂದು ಕೇಳಬಹುದು. ಇದೆ ಎಂದೇ ನಂಬಿದ್ದೆ. ಆ ಫೋಲ್ಡರ್ ತಾನೇ ತಾನಾಗಿ ಹೊರಗಿನ ಡಿಸ್ಕಿಗೂ ಕ್ಲೌಡಿಗೂ ಸಿಂಕ್ ಆಗುತ್ತಿತ್ತು. ಸಿಂಕ್ ಮಾಡುವುದು ಅದೇ: ಇಲ್ಲಿ ಬದಲಾದದ್ದನ್ನು ಅಲ್ಲಿಯೂ ಬದಲಿಸುವುದು. ಒಂದು ಪಿಕ್ಸೆಲಿನ ಫೈಲುಗಳು ಎರಡೂ ಕಡೆ ನಿಷ್ಠೆಯಿಂದ ತಲುಪಿದ್ದವು. ಕ್ಲೌಡಿನಲ್ಲಿ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವ ಅವಧಿ ಅಷ್ಟರಲ್ಲಿ ಮುಗಿದಿತ್ತು. ಅಳಿಸಿದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೋರೆಕ್ ತಂತ್ರಾಂಶವನ್ನೂ ಓಡಿಸಿದೆ. ನನ್ನದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್. ಅದರಲ್ಲಿ ಖಾಲಿಯಾದ ಜಾಗವನ್ನು ಡಿಸ್ಕಿಗೆ ತಿಳಿಸುವ ವ್ಯವಸ್ಥೆಯೊಂದಿದ್ದು, ತಿಳಿಸಿದ ಮೇಲೆ ಹಳೆಯ ಮಾಹಿತಿಯನ್ನು ಡಿಸ್ಕ್ ತಾನೇ ಒರೆಸಿಹಾಕುತ್ತದೆ. ಆ ವ್ಯವಸ್ಥೆಯ ಹೆಸರೂ ಟ್ರಿಮ್. ಒಂದು ಫೈಲೂ ಸಿಗಲಿಲ್ಲ.

ಈಗ ನಾನು ಕೆಲಸ ಮಾಡುವ ಕ್ರಮ ಬೇರೆ. ಸ್ಕ್ಯಾನ್ ಮಾಡುವಾಗಲೇ ಚಿತ್ರದ ಹಿಂದೆ ಕಪ್ಪು ರಟ್ಟು ಇಡುತ್ತೇನೆ. ಇದೊಂದರಿಂದಲೇ ಅರ್ಧ ಅಪಾಯ ಕಳೆಯುತ್ತದೆ: ಹಿನ್ನೆಲೆ ಕಪ್ಪು, ಚಿತ್ರದ ಚೌಕಟ್ಟು ಬಿಳುಪು. ಅವೆರಡರ ನಡುವಿನ ಅಂತರ ಎಷ್ಟು ದೊಡ್ಡದೆಂದರೆ ಕತ್ತರಿ ಕಾಗದದ ಅಂಚಿಗೇ ನಿಲ್ಲುತ್ತದೆ, ಬಿಳುಪಿನೊಳಗೆ ಎಷ್ಟೇ ಮಾಸಿದ ಬರಹವಿದ್ದರೂ ಅದರ ತಂಟೆಗೆ ಹೋಗುವುದಿಲ್ಲ. ರಟ್ಟಿನ ಮೇಲೆ ಕುಳಿತ ಧೂಳನ್ನು ಮಾತ್ರ ಪ್ರತಿ ಸಲ ಒರೆಸಬೇಕು.

ಎರಡನೆಯದಾಗಿ, ಕತ್ತರಿಸುವ ಮೊದಲು ಎಲ್ಲಿ ಕತ್ತರಿಸುತ್ತೀಯೆ ಎಂದು ಕೇಳುತ್ತೇನೆ. ಇಮೇಜ್‌ಮ್ಯಾಜಿಕ್‌ನಲ್ಲಿ ಮಾಹಿತಿ ಮುದ್ರಿಸುವ ಫಾರ್ಮ್ಯಾಟ್ ಆಯ್ಕೆಗೆ ಶೇಕಡಾ ಚಿಹ್ನೆ ಮತ್ತು ಅದರ ಪಕ್ಕದಲ್ಲಿ ಅಟ್ ಚಿಹ್ನೆ ಕೊಟ್ಟರೆ, ಟ್ರಿಮ್ ಮಾಡಿದರೆ ಉಳಿಯುವ ಚೌಕದ ಅಗಲ, ಎತ್ತರ, ಎಡದಿಂದ ಮತ್ತು ಮೇಲಿನಿಂದ ಅದು ಇರುವ ದೂರ ಇಷ್ಟನ್ನೂ ಅದು ಬರೆದು ತೋರಿಸುತ್ತದೆ. ಫೈಲನ್ನು ಮುಟ್ಟುವುದಿಲ್ಲ. ಫಜ್ ಪ್ರಮಾಣವನ್ನೂ ಜೊತೆಗೆ ಕೊಡಬಹುದು. ಎಲ್ಲ ಫೈಲುಗಳ ಉತ್ತರವನ್ನು ಒಂದು ಪಟ್ಟಿ ಮಾಡಿ ಅಳತೆಯ ಪ್ರಕಾರ ಜೋಡಿಸಿದರೆ, ವಿಪರೀತ ಸಣ್ಣದಾಗುವವು ಮೇಲೆ ಬಂದು ನಿಲ್ಲುತ್ತವೆ. ಅಂದು ಈ ಪಟ್ಟಿ ಮಾಡಿದ್ದರೆ ಆ 83 ಫೈಲುಗಳು ಮೊದಲ ಪುಟದಲ್ಲೇ ಕಣ್ಣಿಗೆ ಹೊಡೆಯುತ್ತಿದ್ದವು.

ಮಾಗ್ರಿಫೈ ಬಳಸಲೇಬೇಕಾದಾಗ ಪಾತ್ ಆಯ್ಕೆಯಲ್ಲಿ ಬೇರೆ ಫೋಲ್ಡರಿನ ಹೆಸರು ಕೊಡುತ್ತೇನೆ. ಆಗ ಫಲಿತಾಂಶ ಅಲ್ಲಿಗೆ ಹೋಗುತ್ತದೆ. ಆ ಫೋಲ್ಡರನ್ನು ಮೊದಲೇ ಸೃಷ್ಟಿಸಿರಬೇಕು. ಮೂಲಗಳಿರುವ ಫೋಲ್ಡರಿಗೂ ಅದರೊಳಗಿನ ಫೈಲುಗಳಿಗೂ ಬರೆಯುವ ಅನುಮತಿ ತೆಗೆದುಹಾಕಿದ್ದೇನೆ. ಸಿಂಕ್ ಆಗದ, ಕೆಲಸ ಮುಗಿದೊಡನೆ ಕಳಚಿಡುವ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇದೆ.

ಜೆಪೆಗ್ ಫೈಲುಗಳಿದ್ದವರಿಗೆ ಇನ್ನೊಂದು ಮಾತು. ಟ್ರಿಮ್ ಮಾಡಿ ಉಳಿಸಿದಾಗಲೆಲ್ಲ ಜೆಪೆಗ್ ಮತ್ತೆ ಸಂಕುಚಿತಗೊಂಡು ಸ್ವಲ್ಪ ಗುಣಮಟ್ಟ ಕಳೆದುಕೊಳ್ಳುತ್ತದೆ. ಅದು ಬೇಡವಾದರೆ ಜೆಪೆಗ್‌ಟ್ರಾನ್ ಎಂಬ ಸಾಧನ ನಷ್ಟವಿಲ್ಲದೆ ಕತ್ತರಿಸುತ್ತದೆ. ಮೇಲಿನ ಮತ್ತು ಎಡಗಡೆಯ ಅಂಚು ಮಾತ್ರ 8 ಅಥವಾ 16 ಪಿಕ್ಸೆಲ್‌ಗಳ ಗಡಿಗೆ ಸರಿಯುತ್ತದೆ. ಪಿಎನ್‌ಜಿ ಮತ್ತು ಗಿಫ್ ಆದರೆ ಟ್ರಿಮ್ ಆದ ಮೇಲೆ ರೀಪೇಜ್ ಎಂಬ ಆಯ್ಕೆಯನ್ನು ಅದರ ಮುಂದೆ ಕೂಡಿಸುವ ಚಿಹ್ನೆ (+) ಹಾಕಿ ಸೇರಿಸಿ, ಇಲ್ಲವಾದರೆ ಹಳೆಯ ಹಾಳೆಯ ಸ್ಥಾನದ ಮಾಹಿತಿ ಫೈಲಿನೊಳಗೆ ಉಳಿದು ಮುಂದಿನ ಹಂತಗಳಲ್ಲಿ ಗೊಂದಲ ಮಾಡುತ್ತದೆ.

ಕೆಲವರಿಗೆ ನಾನು ಹಿಂದೆ ಇಮೇಲಿನಲ್ಲಿ ಚಿತ್ರಗಳನ್ನು ಕಳುಹಿಸಿದ್ದೆ. ಅವರ ಪೆಟ್ಟಿಗೆಗಳನ್ನು ಹುಡುಕಿಸಿ 22 ಹಿಂಬದಿಗಳ ಚಿಕ್ಕ ಗಾತ್ರದ ಪ್ರತಿಗಳನ್ನು ಸಂಪಾದಿಸಿದ್ದೇನೆ. ಅಕ್ಷರಗಳು ಕಷ್ಟಪಟ್ಟರೆ ಓದಬಹುದು. ಉಳಿದ 61ಕ್ಕೆ ಚಿಕ್ಕಮ್ಮನ ನೆನಪೇ ಆಧಾರ. ಫೋನಿನಲ್ಲಿ ಒಂದೊಂದೇ ಮುಖದ ವಿವರ ಹೇಳುತ್ತೇನೆ, ಅವರು ಯೋಚಿಸಿ ಹೆಸರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇದುವರೆಗೆ 34 ಆಗಿವೆ. ದೊಡ್ಡಪ್ಪನ ಮದುವೆಯ ಚಿತ್ರದಲ್ಲಿ ಎರಡನೆಯ ಸಾಲಿನಲ್ಲಿ ನಿಂತಿರುವವರ ಹೆಸರು ಇನ್ನೂ ಸಿಕ್ಕಿಲ್ಲ.