ನಮ್ಮೂರ ಶಾಲೆಯ ಬಿಸಿಯೂಟ ಮತ್ತು ಕೆಂಪು ದಾರದ ಬೋಗುಣಿ

ಮಗಳು ಈಗ ನಾಲ್ಕನೇ ತರಗತಿ. ಬೆಳಗಾವಿ ಜಿಲ್ಲೆಯ ನಮ್ಮೂರಿನ ಸರ್ಕಾರಿ ಶಾಲೆಗೆ ಸೇರಿಸಿ ಎರಡು ವರ್ಷ ಆಗುತ್ತಾ ಬಂತು. ಅಲ್ಲಿನ ಬಿಸಿಯೂಟದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಾವು ಜೈನರು. ಮೊಟ್ಟೆ ಯಾವತ್ತೂ ಇಲ್ಲ. ಚಾತುರ್ಮಾಸದ ನಾಲ್ಕು ತಿಂಗಳು ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ ಕೂಡ ನಮ್ಮ ಮನೆಗೆ ಬರಲ್ಲ. ಶಾಲೆಯಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಅಂತ ಮೊದಲ ತಿಂಗಳು ಡಬ್ಬಿ ಕಟ್ಟಿ ಕಳಿಸಿದೆ. ಒಂದು ದಿನ ಹೆಡ್‌ಮೇಡಂ ಕರೆದು, "ಅಡುಗೆಮನೆಗೆ ಬಂದು ನೋಡಿ, ಆಮೇಲೆ ಡಬ್ಬಿ ಬೇಕೋ ಬೇಡವೋ ಹೇಳಿ" ಅಂದರು.

ಹೋದೆ. ಬೇಳೆ ಬೆಂದಿತ್ತು. ಅಡುಗೆ ಅಕ್ಕ ದೊಡ್ಡ ಪಾತ್ರೆಯಿಂದ ನಾಲ್ಕು ಸೌಟು ಎತ್ತಿ ಸಣ್ಣ ಬೋಗುಣಿಗೆ ಹಾಕಿದರು. ಅದಕ್ಕೆ ಸಾಸಿವೆ, ಜೀರಿಗೆ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ. ದೊಡ್ಡ ಪಾತ್ರೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹುರಿದು ಸುರಿದದ್ದು ಆಮೇಲೆ. ಬೋಗುಣಿಯ ಕಿವಿಗೆ ಕೆಂಪು ದಾರ. ಅದಲು ಬದಲು ಆಗಬಾರದು ಅಂತ ಅದರ ಸೌಟಿಗೂ ಒಂದು ದಾರ. "ಐದ್ ನಿಮಿಷದ ಕೆಲಸ ರೀ ಅಕ್ಕಾರ, ಹುಡುಗಿ ಹೊಟ್ಟಿ ತುಂಬ ಉಂಡ್ರ ಸಾಕು" ಅಂದರು. ಮರುದಿನದಿಂದ ಡಬ್ಬಿ ನಿಲ್ಲಿಸಿದೆ.

ಇನ್ನು ಮೊಟ್ಟೆಯ ವಿಷಯ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸಿಕ್ಕ ಮೇಲೆ ವಾರಕ್ಕೆ ಎರಡು ದಿನ ಇದ್ದದ್ದು ಆರು ದಿನ ಆಯಿತು. ತಿನ್ನದವರಿಗೆ ಬಾಳೆಹಣ್ಣು. ನಾವು ತಿನ್ನಲ್ಲ ಅಂತ ಬೇರೆ ಮಕ್ಕಳ ತಟ್ಟೆಯಿಂದ ಮೊಟ್ಟೆ ತೆಗೆಸಬೇಕು ಅನ್ನುವವರ ಜೊತೆ ನಾನಿಲ್ಲ. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಅದು ಸಿಗಲ್ಲ. ನಾನು ಕೇಳುವುದು ಬೇರೆ ಪಾತ್ರೆ, ಬೇರೆ ಸೌಟು. ಬೇರೆ ಸಾಲು ಅಲ್ಲ.

ಮಗಳು ಮೊದಲು ಓದುತ್ತಿದ್ದ ಶಾಲೆಯಲ್ಲಿ ಮೊಟ್ಟೆ ತಿನ್ನದವರನ್ನು ಗೋಡೆ ಕಡೆ ಬೇರೆ ಕೂರಿಸುತ್ತಿದ್ದರು. "ಅವ್ವಾ, ನಾ ಏನ್ ತಪ್ಪ ಮಾಡೇನಿ?" ಅಂತ ಮನೆಗೆ ಬಂದು ಕೇಳಿದ್ದಳು. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ಅವಳ ಗೆಳತಿ ಪಕ್ಕದಲ್ಲೇ ಕೂತು ಮೊಟ್ಟೆ ಸುಲಿಯುತ್ತಾಳೆ, ಇವಳು ಬಾಳೆಹಣ್ಣು ಸುಲಿಯುತ್ತಾಳೆ. ಇಬ್ಬರ ಮಾತೂ ನಿಲ್ಲುವುದಿಲ್ಲ.

ಹಳೆ ಶಾಲೆಯಲ್ಲಿ ಮೊಟ್ಟೆ ಬೇಕೋ ಬೇಡವೋ ಅನ್ನುವ ಪಟ್ಟಿ ಜೂನ್‌ನಲ್ಲಿ ಒಮ್ಮೆ ಬರೆದರೆ ಮುಗಿಯಿತು. ಇಲ್ಲಿ ದಿನಾ ಹಾಜರಿ ಹಾಕುವಾಗಲೇ ಕೇಳುತ್ತಾರೆ. ಸೋಮವಾರ ಮೊಟ್ಟೆ ಮುಟ್ಟದ ಮನೆಗಳಿವೆ, ಶನಿವಾರ ಬಿಡುವ ಮನೆಗಳಿವೆ. ಶ್ರಾವಣ ಸೋಮವಾರವಂತೂ ಬಾಳೆಹಣ್ಣಿನ ಬುಟ್ಟಿ ಮೊದಲು ಖಾಲಿ. ಬೇರೆ ಶಾಲೆಯವರೂ ಇದನ್ನು ನೋಡಿ ಕಲಿಯಬೇಕು.

ಕೊರತೆ ಇಲ್ಲವೇ? ಇದೆ. ಬಾಳೆಹಣ್ಣು ಕೆಲವು ದಿನ ಹಸಿರು ಕಾಯಿ, ಕೆಲವು ದಿನ ಕಪ್ಪಾಗಿ ಮೆತ್ತಗೆ. ಒಳ್ಳೆಯದು ಸಿಕ್ಕರೂ ಮೊಟ್ಟೆಗೆ ಅದು ಸಾಟಿಯಲ್ಲ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ 1 ಗ್ರಾಂ ಅಷ್ಟೇ. ಜೊತೆಗೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟರೆ ನಮ್ಮ ಮಕ್ಕಳಿಗೂ ನ್ಯಾಯ ಸಿಗುತ್ತದೆ. ಇನ್ನೊಂದು, ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ ಲೆಕ್ಕ ಇದೆ. ಆಲೂಗಡ್ಡೆ, ಗಜ್ಜರಿ ಹಾಕುವ ದಿನ ಬೋಗುಣಿಯಲ್ಲಿ ಬರೀ ಬೇಳೆ. ಸೋರೆಕಾಯಿಯೋ ಬೀನ್ಸೋ ನಾಲ್ಕು ಹೋಳು ಹಾಕಿ ಅಂತ ಕೇಳಿದ್ದೇನೆ. ಹೆಡ್‌ಮೇಡಂ ಒಪ್ಪಿದ್ದಾರೆ, ಇನ್ನೂ ಶುರುವಾಗಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಪಥ್ಯ ಇದ್ದರೆ ಸುಮ್ನೆ ಚೀಟಿ ಬರೆದು ಕಳಿಸಬೇಡಿ. ಶಾಲೆ ಶುರುವಾದ ವಾರವೇ ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ಮಾತಾಡಿ. ಒಗ್ಗರಣೆಗೆ ಮುಂಚೆ ಹೋಗಿ.