ತೀರ್ಥನ್ ಹೊಳೆಯಲ್ಲಿ ಮೂರು ರಾಡ್: ನನ್ನ ಕೈಯಲ್ಲಿ ಉಳಿದಿದ್ದು ರೀಲ್ ಇಲ್ಲದ್ದು

ಮೊದಲೇ ಹೇಳಿಬಿಡುತ್ತೇನೆ. ಹಿಮಾಚಲದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯಲು ನನಗೆ ಟೆಂಕರಾ ಎಂಬ ಗಾಳದ ಕೋಲು (ರಾಡ್) ಸಾಕು. ಸ್ಪಿನ್ನಿಂಗ್ ರಾಡ್, ಫ್ಲೈ ರಾಡ್ ಎರಡನ್ನೂ ಕೊಂಡು, ಮೂರು ವರ್ಷದಲ್ಲಿ ಮೂರು ಸಲ ಹೋಗಿ ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಫ್ಲೈ ಸೆಟ್‌ಗೆ ಕೊಟ್ಟ 18,000 ರೂಪಾಯಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಟೆಂಕರಾ ಅಂದರೆ ಜಪಾನಿನ ಬೆಟ್ಟದ ಹೊಳೆಗಳ ಗಾಳ. ಉದ್ದದ ಕೋಲು, ತುದಿಗೆ ಕಟ್ಟಿದ ದಾರ, ದಾರದ ಕೊನೆಗೆ ಕೊಕ್ಕೆಗೆ ನೂಲು ಸುತ್ತಿ ಮಾಡಿದ ಒಂದು ನಕಲಿ ನೊಣ. ಅಷ್ಟೇ. ರೀಲ್ ಇಲ್ಲ. ಬಿದಿರು ಕೋಲಿಗೆ ತಂಗೂಸಿ ಕಟ್ಟಿ, ಎರೆಹುಳು ಚುಚ್ಚಿ ಹಳ್ಳದ ದಡದಲ್ಲಿ ಕೂತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ, ಅಲ್ವಾ? ನಾನು ಕಲಿತದ್ದೂ ಹಾಗೆಯೇ. ಈಗಿನದು ಕಾರ್ಬನ್ ಕೋಲು. ಒಂದರೊಳಗೊಂದು ಮಡಚಿಕೊಳ್ಳುತ್ತದೆ, ಬಿಚ್ಚಿದರೆ 3.6 ಮೀಟರ್.

ಹಾಗಾದರೆ ಫ್ಲೈ ರಾಡ್ ಯಾಕೆ ಕೊಂಡೆ? ಟ್ರೌಟ್ ಎಂದರೆ ಫ್ಲೈ, ಅಂದರೆ ದಪ್ಪ ದಾರ, ರೀಲ್ ಇರುವ ನೊಣದ ಗಾಳ, ಎಂಬ ಮಾತು ತಲೆಯಲ್ಲಿ ಕೂತಿತ್ತು. ಈ ಮೀನು ಹಿಮಾಲಯದ್ದಲ್ಲ, ಬ್ರಿಟಿಷರು ತಂದು ಬಿಟ್ಟದ್ದು. ಕುಲು ಕಣಿವೆಯ ಮಹಿಲಿಯಲ್ಲಿ 1909ರಲ್ಲಿ ಮೊಟ್ಟೆ ಮರಿ ಮಾಡಿಸುವ ಕೇಂದ್ರ ಶುರುವಾಯಿತು. ಮೀನಿನ ಜೊತೆ ಅವರ ಹಿಡಿಯುವ ರೀತಿಯೂ ಬಂತು. ಗಂಭೀರವಾಗಿ ಟ್ರೌಟ್ ಹಿಡಿಯಬೇಕಾದರೆ ಹೀಗೇ ಹಿಡಿಯಬೇಕು ಎಂದು ನಾನೂ ನಂಬಿದ್ದೆ. ಅಂಗಡಿಯವರು 9 ಅಡಿಯ, 6 ವೇಟ್ ರಾಡ್ ಕೊಟ್ಟರು (ವೇಟ್ ಅಂದರೆ ರಾಡ್‌ಗೆ ಹೊಂದುವ ದಾರದ ತೂಕದ ಅಂಕಿ, ಅಂಕಿ ಹೆಚ್ಚಿದಷ್ಟೂ ದಾರ ಭಾರ). ಎಲ್ಲ ಕಡೆಗೂ ಆಗುತ್ತದೆ ಎಂದರು. ಎಂಥ ಹೊಳೆ, ಎಷ್ಟು ಅಗಲ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಣ್ಣ ಹೊಳೆಯ ಟ್ರೌಟ್‌ಗೆ 3 ಅಥವಾ 4 ವೇಟ್ ಸಾಕಿತ್ತು. ಆದರೆ ನನ್ನನ್ನು ಕಾಡಿದ್ದು ರಾಡ್ ಅಲ್ಲ, ದಾರ.

ಫ್ಲೈ ಗಾಳದಲ್ಲಿ ನೊಣಕ್ಕೆ ತೂಕವೇ ಇಲ್ಲ. ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ನಿಂತ ನೀರಿನಲ್ಲಿ ಅದು ನೋಡಲು ಚೆಂದ. ಗುಶೈನಿ ಹತ್ತಿರ ತೀರ್ಥನ್ ಹೇಗಿದೆ ಗೊತ್ತಾ? ಎರಡು ಹೆಜ್ಜೆಗೊಂದು ಬಂಡೆ. ಬಂಡೆಯ ಹಿಂದೆ ಚಾಪೆಯಷ್ಟು ಜಾಗದಲ್ಲಿ ನೀರು ಶಾಂತವಾಗಿರುತ್ತದೆ. ಟ್ರೌಟ್ ಇರುವುದು ಅಲ್ಲೇ. ಹರಿವಿಗೆ ಮುಖ ಮಾಡಿ, ಹೆಚ್ಚು ಶ್ರಮ ಪಡದೆ, ಪಕ್ಕದ ಸೆಳವಿನಲ್ಲಿ ಬರುವ ಹುಳುವಿಗೆ ಕಾಯುತ್ತಾ ನಿಂತಿರುತ್ತದೆ. ನನಗೂ ಆ ಜಾಗಕ್ಕೂ ನಡುವೆ ಎರಡು ಮೂರು ಜೋರು ಸೆಳವು. ನೊಣ ಸರಿಯಾಗಿ ಮೀನಿನ ಮುಂದೆ ಬೀಳುತ್ತಿತ್ತು. ಆದರೆ ದಾರ ಬೀಳುತ್ತಿದ್ದುದು ಆ ಸೆಳವುಗಳ ಮೇಲೆ. ಒಂದು ಎಣಿಸಿ ಎರಡು ಎಣಿಸುವಷ್ಟರಲ್ಲಿ ದಾರ ಬಿಲ್ಲಿನ ಹಾಗೆ ಬಾಗಿ ಕೆಳಕ್ಕೆ ಓಡುತ್ತಿತ್ತು. ನೊಣವನ್ನೂ ದರದರ ಎಳೆದುಕೊಂಡು ಹೋಗುತ್ತಿತ್ತು.

ನೀರಿಗೆ ಬಿದ್ದ ನಿಜವಾದ ಹುಳು ಹಾಗೆ ಗೆರೆ ಕೊರೆದುಕೊಂಡು ಹೋಗುವುದಿಲ್ಲ. ಬ್ರೌನ್ ಟ್ರೌಟ್‌ಗೆ ಇದು ತಕ್ಷಣ ತಿಳಿಯುತ್ತದೆ. ಒಂದು ಸಲ ಎಳೆದಾಡಿದ ನೊಣ ಕಂಡರೆ ಮೀನು ಬಂಡೆಯಡಿ ಸೇರಿತು ಅಂತಲೇ ಲೆಕ್ಕ. ಆಮೇಲೆ ಅಲ್ಲಿ ಅರ್ಧ ಗಂಟೆ ನಿಂತರೂ ಸುಮ್ನೆ.

ಇದಕ್ಕೆ ಮದ್ದು ಇದೆ. ದಾರ ನೀರಿಗೆ ಬಿದ್ದ ಕೂಡಲೇ ಅದರ ಹೊಟ್ಟೆಯನ್ನು ಎತ್ತಿ ಮೇಲಿನ ಹರಿವಿನ ಕಡೆಗೆ ತಿರುಗಿಸಿ ಇಡಬೇಕು. ಮೆಂಡಿಂಗ್ ಅನ್ನುತ್ತಾರೆ. ಮೂರು ದಿನ ನಾನು ಮಾಡಿದ್ದು ಇದೇ ಕೆಲಸ. ಒಂದು ಸೆಳವಿಗೆ ಸರಿ ಮಾಡಿದರೆ ಇನ್ನೊಂದು ಸೆಳವು ಹಿಡಿದುಕೊಳ್ಳುತ್ತಿತ್ತು. ದಾರ ಎತ್ತುವಾಗ ನೊಣವೂ ಜಿಗಿಯುತ್ತಿತ್ತು. ಹಿಂದೆ ದಡದ ಮರಗಳ ಕೊಂಬೆಗೆ ಸಿಕ್ಕಿ ಕಳೆದ ನೊಣಗಳ ಲೆಕ್ಕ ಬೇರೆ. ಮೂರು ದಿನಕ್ಕೆ ಸಿಕ್ಕಿದ್ದು ಎರಡು ಮೀನು. ಅವೂ ಹೊಳೆ ಸ್ವಲ್ಪ ಅಗಲವಾಗಿ, ನೀರು ಒಂದೇ ವೇಗದಲ್ಲಿ ಹರಿಯುವ ಕಡೆ. ಅಂಥ ಜಾಗದಲ್ಲಿ ಫ್ಲೈ ರಾಡ್ ನಿಜಕ್ಕೂ ಒಳ್ಳೆಯದು. ಕೈ ಪಳಗಿದವರು ಬಂಡೆಗಳ ನಡುವೆಯೂ ಹಿಡಿಯುತ್ತಾರೆ. ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಹೊಳೆ ನೋಡುವ ನನ್ನ ಕೈಗೆ ಆ ಪಳಗು ಯಾವಾಗ ಬರಬೇಕು?

ಮುಂದಿನ ವರ್ಷ ಅದೇ ಬಂಡೆಗಳಿಗೆ ಟೆಂಕರಾ ಒಯ್ದೆ. ಕೋಲಿನಷ್ಟೇ ಉದ್ದದ ತೆಳು ದಾರ, ಕೊನೆಗೆ ಒಂದು ಮೀಟರ್ ಇನ್ನೂ ತೆಳುವಾದ ತಂಗೂಸಿ. ಸೆಳವಿನ ಈಚೆ ನಿಂತು ಕೈ ಎತ್ತಿ ಹಿಡಿದರೆ ದಾರ ಪೂರ್ತಿ ಗಾಳಿಯಲ್ಲೇ ಇರುತ್ತದೆ. ನೀರು ಮುಟ್ಟುವುದು ನೊಣ ಮತ್ತು ಅದರ ಹಿಂದಿನ ಒಂದು ಗೇಣು ತಂಗೂಸಿ ಮಾತ್ರ. ಸೆಳವಿಗೆ ಹಿಡಿದೆಳೆಯಲು ಏನೂ ಸಿಗುವುದಿಲ್ಲ. ನೊಣ ಆ ಚಾಪೆಯಷ್ಟು ಜಾಗದಲ್ಲಿ ನಿಂತೇ ಇರುತ್ತದೆ. ಹಿಂದಿನ ವರ್ಷ ಒಂದು ಇಡೀ ಬೆಳಿಗ್ಗೆ ಹಾಳು ಮಾಡಿಕೊಂಡ ಬಂಡೆಯ ಹಿಂದೆ ಮೂರನೇ ಎಸೆತಕ್ಕೇ ಕೋಲು ಬಾಗಿತು. ಮೈ ತುಂಬ ಕೆಂಪು ಚುಕ್ಕಿಯ ಬ್ರೌನ್ ಟ್ರೌಟ್. ನೀರಿನಿಂದ ಪೂರ್ತಿ ಎತ್ತದೆ ಬಿಡಿಸಿ ಬಿಟ್ಟೆ. ಆ ಖುಷಿ ಹೇಳಲಾಗದು.

ತೊಂದರೆ ಇಲ್ಲವೇ? ಇದೆ. ದೊಡ್ಡ ಮೀನು ಓಡಿದರೆ ಬಿಟ್ಟುಕೊಡಲು ದಾರವಿಲ್ಲ, ನಾವೇ ಅದರ ಹಿಂದೆ ಹೋಗಬೇಕು. ಒಂದು ಹಾಗೇ ಬಂಡೆಯಡಿ ನುಗ್ಗಿ ತಂಗೂಸಿ ಕಡಿದುಕೊಂಡು ಹೋಯಿತು. ಗಾಳಿ ಎದ್ದರೆ ತೆಳು ದಾರ ಹೇಳಿದಲ್ಲಿ ಬೀಳುವುದಿಲ್ಲ. ಕೋಲನ್ನು ಜೋರಾಗಿ ಎಳೆದು ಬಿಚ್ಚಿದರೆ ಕೀಲು ಕಚ್ಚಿಕೊಳ್ಳುತ್ತದೆ. ನನ್ನದು ಒಂದು ಸಂಜೆ ಹಾಗಾಯಿತು. ತಿರುಚಬೇಡಿ, ಮುರಿಯುತ್ತದೆ. ಬುಡದ ಮುಚ್ಚಳ ತೆಗೆದು, ಕಚ್ಚಿಕೊಂಡ ತುಂಡನ್ನು ನೆಟ್ಟಗೆ ಹಿಡಿದು ಮರದ ಹಲಗೆಯ ಮೇಲೆ ಮೆಲ್ಲಗೆ ಕುಟ್ಟಿದರೆ ಬಿಡುತ್ತದೆ.

ರೀಲ್‌ನಿಂದ ದಾರ ಬಿಟ್ಟು ತೂಕದ ಆಮಿಷವನ್ನು ದೂರ ಎಸೆಯುವ ಸ್ಪಿನ್ನಿಂಗ್ ರಾಡ್ ಬಗ್ಗೆ ನನಗೆ ಸಿಟ್ಟಿಲ್ಲ. ಮೊದಲ ವರ್ಷ 3,500 ರೂಪಾಯಿಗೆ ರಾಡ್, ರೀಲ್ ಎರಡೂ ಬಂದವು. ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಕಲಿಯಬಹುದು. ಬರೋಟ್‌ನಲ್ಲಿ ಊಹ್ಲ್ ನದಿಗೆ ಕಟ್ಟಿದ ಜಲಾಶಯದ ದಡದಲ್ಲಿ ಇದನ್ನು ಮೀರಿಸುವುದು ಇಲ್ಲ. ಟೆಂಕರಾ ಅಲ್ಲಿ ದಡ ಬಿಟ್ಟು ಮುಂದೆ ತಲುಪುವುದೇ ಇಲ್ಲ. ತೀರ್ಥನ್‌ನಲ್ಲಿ ಮಾತ್ರ ಸ್ಪಿನ್ನರ್, ಅಂದರೆ ನೀರಲ್ಲಿ ತಿರುಗುವ ಲೋಹದ ಆಮಿಷ, ಕಲ್ಲಿಗೆ ಸಿಕ್ಕಿ ಸಿಕ್ಕಿ ಒಂದೇ ದಿನ ಐದು ಹೋದವು. ಇನ್ನೊಂದು ವಿಷಯ ಅದಕ್ಕಿಂತ ಜಾಸ್ತಿ ಬೇಸರ ತಂದಿತು. ಸ್ಪಿನ್ನರ್ ಜೊತೆ ಬರುವುದು ಮೂರು ಮುಳ್ಳಿನ ಕೊಕ್ಕೆ. ಗೇಣುದ್ದದ ಮೀನೊಂದು ಅದನ್ನು ಕಿವಿರಿನ ತನಕ ನುಂಗಿತ್ತು. ಬಿಡಿಸುವಷ್ಟರಲ್ಲಿ ಸೋತು ಹೋಗಿತ್ತು, ಮತ್ತೆ ಈಜಲಿಲ್ಲ. ಅಂದು ರಾತ್ರಿಯೇ ಎಲ್ಲ ಸ್ಪಿನ್ನರ್‌ಗಳಿಗೂ ಒಂಟಿ ಕೊಕ್ಕೆ ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿದೆ. ನೀವೂ ಹಾಗೆ ಮಾಡಿ.

ಯಾವ ರಾಡ್ ಆದರೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕೇ ಬೇಕು. ನವೆಂಬರ್‌ನಿಂದ ಫೆಬ್ರವರಿ ಕೊನೆಯ ತನಕ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. ಜುಲೈ, ಆಗಸ್ಟ್‌ನಲ್ಲಿ ನೀರು ಕೆಂಪಗೆ ತುಂಬಿ ಹರಿಯುತ್ತದೆ, ಹೋಗಿ ಪ್ರಯೋಜನವಿಲ್ಲ.

ನನಗೆ ಬೆಳಿಗ್ಗೆ ಎದ್ದು ಹೊಳೆಯ ಜೊತೆ ಮೇಲಕ್ಕೆ ನಡೆಯುವುದೇ ಇಷ್ಟ. ಒಂದು ಬಂಡೆಗೆ ನಾಲ್ಕು ಎಸೆತ, ಮುಂದಿನ ಬಂಡೆ. ಹೀಗೆ ನಡೆಯುವವನಿಗೆ 6,000 ರೂಪಾಯಿಯ, ಚೀಲದೊಳಗೆ ಹಿಡಿಯುವ ಕೋಲು ಸರಿಯಾಗಿ ಹೊಂದುತ್ತದೆ. ಬರೋಟ್‌ಗೂ ಹೋಗುವ ಯೋಚನೆ ಇದ್ದರೆ ಅಗ್ಗದ ಸ್ಪಿನ್ನಿಂಗ್ ಸೆಟ್ ಒಂದನ್ನು ಸೇರಿಸಿ. ಎರಡೂ ಸೇರಿ ನನ್ನ ಫ್ಲೈ ಸೆಟ್‌ನ ಅರ್ಧ ಬೆಲೆಗಿಂತ ಸ್ವಲ್ಪವಷ್ಟೇ ಜಾಸ್ತಿ. ಫ್ಲೈ ಸೆಟ್ಟನ್ನು ಗೆಳೆಯನಿಗೆ ಕೊಟ್ಟಿದ್ದೇನೆ. ಅವನಿಗೆ ರಜೆ ಜಾಸ್ತಿ, ತಾಳ್ಮೆಯೂ ಜಾಸ್ತಿ. ಮಾರ್ಚ್ ಮೊದಲ ವಾರಕ್ಕೆ ಇಬ್ಬರೂ ಟಿಕೆಟ್ ಮಾಡಿಸಿದ್ದೇವೆ.