ಕಾಲೇಜು ಕೋಚ್ ಕೊಟ್ಟ ಮಾತನ್ನು ನಂಬಿ ಬೇರೆ ಬಾಗಿಲು ಮುಚ್ಚಬೇಡಿ

ಅಮೆರಿಕದಲ್ಲಿದ್ದು ಮಕ್ಕಳನ್ನು ಲಕ್ರಾಸ್ ಆಟಕ್ಕೆ (ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ತಂಡದ ಆಟ) ಹಾಕಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ತಂಡಕ್ಕೆ ಸೇರಿಸಿಕೊಳ್ಳುತ್ತೇವೆಂದು ಕಾಲೇಜು ತಂಡದ ಕೋಚ್ ಫೋನಿನಲ್ಲಿ ಕೊಡುವ ಮಾತಿಗೆ ಎಳ್ಳಷ್ಟೂ ಬಲವಿಲ್ಲ. ಅದನ್ನು ನಂಬಿದ ನನ್ನ ಮಗಳು ಹನ್ನೆರಡನೇ ತರಗತಿಯ ಹೊತ್ತಿಗೆ ನಡುನೀರಿನಲ್ಲಿ ನಿಂತಳು.

ಹಿಂದೆ ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನೇ ಕೋಚ್‌ಗಳು ಕಾದಿರಿಸಿಕೊಳ್ಳುತ್ತಿದ್ದರು. 2017ರಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ಇದಕ್ಕೆ ಕಡಿವಾಣ ಹಾಕಿತು. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಡಿವಿಷನ್ ಒಂದರ, ಅಂದರೆ ಅತ್ಯುನ್ನತ ಮಟ್ಟದ ಕಾಲೇಜು ತಂಡಗಳ ಕೋಚ್‌ಗಳು ಲಕ್ರಾಸ್ ಆಟಗಾರರೊಡನೆ ಸೇರ್ಪಡೆಯ ಮಾತು ಆಡುವಂತಿಲ್ಲ. ಆದರೆ ವ್ಯಾಪಾರ ಆ ದಿನಕ್ಕಾಗಿ ಕಾಯುವುದಿಲ್ಲ. ಮಗಳು ಒಂಬತ್ತರಲ್ಲಿದ್ದಾಗಲೇ ಕಾಲೇಜುಗಳ ಬೇಸಿಗೆ ಶಿಬಿರಗಳ ಆಹ್ವಾನ ಅವಳ ಹೆಸರಿಗೇ ಬರತೊಡಗಿತು. "ಅಲ್ಲಿಯ ಕೋಚ್‌ಗೆ ಇವಳು ಹಿಡಿಸಿದ್ದಾಳೆ, ಕಳಿಸಲೇಬೇಕು" ಎಂದು ಅವಳು ಆಡುತ್ತಿದ್ದ ಲಕ್ರಾಸ್ ಕ್ಲಬ್ಬಿನ ನಿರ್ದೇಶಕರು ನಮ್ಮ ಮೂಗಿಗೆ ತುಪ್ಪ ಸವರಿದರು. ತಂಡದ ಉಳಿದ ಹುಡುಗಿಯರಿಗೂ ಬಂದಿದ್ದು ಅಕ್ಷರಶಃ ಅದೇ ಪತ್ರ, ಹೆಸರು ಮಾತ್ರ ಬೇರೆ. ಇಂಥ ಶಿಬಿರಗಳು ವಯಸ್ಸು, ತರಗತಿ, ಸಂಖ್ಯೆಯ ಮಿತಿಯೊಳಗೆ ಯಾರಿಗಾದರೂ ತೆರೆದಿರಬೇಕು ಎಂಬುದು ಎನ್‌ಸಿಎಎ ನಿಯಮವೇ. ಆಹ್ವಾನ ಬಂದಿತೆಂದರೆ ಆಯ್ಕೆಯಾಯಿತೆಂದಲ್ಲ.

ಸೆಪ್ಟೆಂಬರ್ 1 ಬಂತು, ಫೋನೂ ಬಂತು. ತಂಡದಲ್ಲಿ ಸ್ಥಾನ, ಅಷ್ಟಿಷ್ಟು ವಿದ್ಯಾರ್ಥಿವೇತನ, ಉತ್ತರ ಮಾತ್ರ ಬೇಗ ಬೇಕು ಎಂದರು. ಹದಿನಾರರ ಹುಡುಗಿಗೆ ಅಂಥ ಗಡುವು ಹಾಕುವುದೇ ಅನ್ಯಾಯ. ಅವಳು ಒಪ್ಪಿದಳು. ಮಾತು ಕೊಟ್ಟಮೇಲೆ ಮುಗಿಯಿತೆಂದು ಆಸಕ್ತಿ ತೋರಿಸಿದ್ದ ಬೇರೆ ಕಾಲೇಜುಗಳಿಗೆ ತಾನೇ ಬರೆದು ಬೇಡವೆಂದಳು. ಮುಂದಿನ ಬೇಸಿಗೆಯಲ್ಲಿ ಆ ಕೋಚ್ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋದರು. ಹೊಸಬರಿಂದ ಎರಡು ಸಾಲಿನ ಇಮೇಲ್ ಬಂತು: ತಂಡದ ಅಗತ್ಯಗಳು ಬದಲಾಗಿವೆ, ನಿನಗೆ ಶುಭವಾಗಲಿ. ಅಷ್ಟರಲ್ಲಿ ಉಳಿದ ಕಾಲೇಜುಗಳು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದವು.

ಕಾಲೇಜಿನ ಕ್ರೀಡಾ ಕಚೇರಿಗೆ ಫೋನ್ ಮಾಡಿದರೆ, "ಬರಹದಲ್ಲಿ ಏನಾದರೂ ಇದೆಯೇ?" ಎಂದು ಕೇಳಿದರು. ಇರುವುದು ಹೇಗೆ? ಹನ್ನೆರಡನೇ ತರಗತಿಯ ಆಗಸ್ಟ್ 1ಕ್ಕೆ ಮೊದಲು ಕ್ರೀಡಾ ವಿದ್ಯಾರ್ಥಿವೇತನವನ್ನು ಬರಹದಲ್ಲಿ ಕೊಡಲು ನಿಯಮವೇ ಬಿಡುವುದಿಲ್ಲ. ಆ ಹನ್ನೊಂದು ತಿಂಗಳು ಮಕ್ಕಳು ಬಾಯಿಮಾತಿಗೆ ಜೋತುಬಿದ್ದಿರಬೇಕು, ಕಾಲೇಜು ಯಾವಾಗ ಬೇಕಾದರೂ ಕೈಬಿಡಬಹುದು. ನನಗೆ ಇಂದಿಗೂ ಸಿಟ್ಟು ಇಳಿಯದಿರುವುದು ಇದಕ್ಕೇ.

ದುಡ್ಡಿನ ಆಸೆಯನ್ನೂ ಅಳೆದು ನೋಡಿ. ಮಹಿಳಾ ಲಕ್ರಾಸ್‌ನಲ್ಲಿ ಒಂದು ತಂಡಕ್ಕೆ ಇದ್ದ ಮಿತಿ 12 ಪೂರ್ಣ ವಿದ್ಯಾರ್ಥಿವೇತನ. ಮೂವತ್ತಕ್ಕೂ ಹೆಚ್ಚು ಆಟಗಾರ್ತಿಯರಿರುವ ತಂಡದಲ್ಲಿ ಅದನ್ನೇ ಹರಿದು ಹಂಚುತ್ತಿದ್ದರು. ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದ ಗಾತ್ರಕ್ಕೇ 38ರ ಮಿತಿ ಬಂದಿದೆ. ನಮ್ಮವರು ಕನಸು ಕಾಣುವ, ಹಾರ್ವರ್ಡ್, ಯೇಲ್‌ನಂಥ ಎಂಟು ವಿಶ್ವವಿದ್ಯಾಲಯಗಳ ಐವಿ ಲೀಗ್‌ನಲ್ಲಂತೂ ಕ್ರೀಡೆಗೆಂದು ವಿದ್ಯಾರ್ಥಿವೇತನವೇ ಇಲ್ಲ.

ಕೋಚ್ ಫೋನ್ ಇಟ್ಟ ಸಂಜೆಯೇ, ಅವರು ಹೇಳಿದ್ದನ್ನೆಲ್ಲ ಬರೆದು "ನಾವು ಅರ್ಥಮಾಡಿಕೊಂಡಿದ್ದು ಇದು, ಸರಿಯೇ?" ಎಂದು ಮಗುವಿನಿಂದಲೇ ಇಮೇಲ್ ಮಾಡಿಸಿ. ಅವರು ಹೋದರೆ ಈ ಮಾತಿನ ಗತಿಯೇನೆಂದು ನೇರವಾಗಿ ಕೇಳಿ. ವಿದ್ಯಾರ್ಥಿವೇತನದ ಪತ್ರಕ್ಕೆ ಸಹಿ ಬೀಳುವವರೆಗೆ ಇನ್ನೆರಡು ಕಾಲೇಜುಗಳ ಕೋಚ್‌ಗಳೊಡನೆ ಮಾತುಕತೆ ನಡೆಯುತ್ತಿರಲಿ, ಕ್ಲಬ್ಬಿನವರು ಮುಖ ಸಿಂಡರಿಸಿದರೂ ಸರಿಯೇ.